ಹಳೆಯ ಕಟ್ಟಡಕ್ಕೆ ನಾಮಫಲಕ ಹಾಕುವ ಮುನ್ನ

ಹಳೆಯ ಕಟ್ಟಡದಲ್ಲಿ ಅಂಗಡಿಯನ್ನೋ ಕಚೇರಿಯನ್ನೋ ತೆರೆಯುತ್ತಿರುವವರಿಗೆ ನನ್ನ ಮೊದಲ ಮಾತು: ಫಲಕದ ಅಳತೆ ಕೊಡುವ ಮೊದಲು ರಸ್ತೆಯ ಆಚೆ ಬದಿಯಲ್ಲಿ ನಿಂತು ಕಟ್ಟಡವನ್ನು ನಿಧಾನವಾಗಿ ನೋಡಿ. ಬಾಗಿಲಿನ ಮೇಲೆ, ಕಮಾನಿನ ಕೆಳಗೆ ಅಥವಾ ಎರಡು ಕಂಬಗಳ ನಡುವೆ ಹೆಸರಿಗೆಂದೇ ಬಿಟ್ಟಂತಹ ಪಟ್ಟಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಫಲಕ ಅದರೊಳಗೇ ಕೂರಲಿ. ಗಾರೆಯ ಕುಸುರಿಯನ್ನೂ ಕಮಾನನ್ನೂ ಮುಚ್ಚುವ ಫಲಕ ಎಷ್ಟು ಚೆನ್ನಾಗಿದ್ದರೂ ನನಗೆ ಒಪ್ಪಿಗೆಯಾಗುವುದಿಲ್ಲ.

ಅಕ್ಷರ ದೊಡ್ಡದಿರಬೇಕೆಂಬ ಆತಂಕ ಬೇಡ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ ಎಂಬ ರೂಢಿಯ ಲೆಕ್ಕದಲ್ಲಿ, 60 ಅಡಿಯಿಂದ ಓದಲು ಆರು ಅಂಗುಲದ ಅಕ್ಷರ ಸಾಕು. 1930ರ ದಶಕದ ಆರ್ಟ್ ಡೆಕೊ ಎಂಬ, ನೇರ ಗೆರೆಗಳ ವಿನ್ಯಾಸ ಶೈಲಿಯ ಕಟ್ಟಡಕ್ಕೆ ನೇರ, ಜ್ಯಾಮಿತೀಯ ಅಕ್ಷರಗಳು ಹೊಂದುತ್ತವೆ. ಅದಕ್ಕೂ ಹಳೆಯದಾದರೆ ಮರದ ಹಲಗೆಯ ಮೇಲೆ ಕೈಬರಹವೇ ಚೆಂದ. ಒಳಗಿನಿಂದ ಬೆಳಗುವ ಪ್ಲಾಸ್ಟಿಕ್ ಪೆಟ್ಟಿಗೆಯ ಬದಲು ಮೇಲಿನಿಂದ ಹಳದಿ ಛಾಯೆಯ ಸಣ್ಣ ದೀಪ ಬೀಳಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಮೊಳೆ ಹೊಡೆಯುವಾಗ. ಕಲ್ಲಿಗಾಗಲಿ ಇಟ್ಟಿಗೆಗಾಗಲಿ ರಂಧ್ರ ಕೊರೆಯದೆ, ಅವುಗಳ ನಡುವಿನ ಗಾರೆಯ ಸಂದಿನಲ್ಲಿ ಕೊರೆಸಿ. ಸಂದನ್ನು ಮುಂದೆ ಮತ್ತೆ ತುಂಬಬಹುದು, ಒಡೆದ ಕಲ್ಲು ಕೂಡುವುದಿಲ್ಲ. ಸಾಮಾನ್ಯ ಕಬ್ಬಿಣದ ಬೋಲ್ಟ್ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದನ್ನೇ ಕೇಳಿ ಪಡೆಯಿರಿ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.