ದೀಪ ಶಾಂತವಾಗುವವರೆಗೆ ಏಳಬೇಡಿ

ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದವಳು ನಾನು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಆಸೆ ಒಳಗೇ ಕುದಿಯುತ್ತಿತ್ತು. ಅಮ್ಮ ನನ್ನ ಜಾತಕ ಹಿಡಿದುಕೊಂಡು ಜೋಯಿಸರ ಹತ್ತಿರ ಹೋಗಿಬಂದಳು. "ಏಳರಾಟ ಶನಿ ಕಣೇ, ಶನಿವಾರ ಸಂಜೆ ಎಳ್ಳೆಣ್ಣೆ ದೀಪ ಹಚ್ಚು" ಅಂದಳು. ಶನಿ ಒಂದು ರಾಶಿ ದಾಟಲು ಸುಮಾರು ಎರಡೂವರೆ ವರ್ಷ. ಮೂರು ರಾಶಿ ಅಂದರೆ ಏಳೂವರೆ. ಅಷ್ಟು ದಿನ ಸುಮ್ನೆ ಕಾಯುತ್ತಾ ಕೂರೋದಾ? ದೀಪ ಹಚ್ಚಿದೆ. ಪಕ್ಕದಲ್ಲೇ ಪೆನ್ಸಿಲ್ ಹಿಡಿದು ಕೂತೆ.

ಗ್ರಹ ಕೆಲಸ ಕೊಡಿಸುತ್ತದೆ ಅಂತ ನಾನು ನಂಬುವವಳಲ್ಲ. ಆದರೆ ವಾರ ತಪ್ಪಿಸಬಾರದು ಅನ್ನೋ ಭಯಕ್ಕೆ ಇರುವ ಹಿಡಿತ ನಾನು ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್‌ಗೆ ಇರಲಿಲ್ಲ. ನಿಮ್ಮ ಮನೆಯಲ್ಲೂ ಯಾರೋ ಒಂದು ಪರಿಹಾರ ಹೇಳಿರುತ್ತಾರೆ, ಅಲ್ವಾ? ಅದಕ್ಕೇ ನಿಮ್ಮ ಅಭ್ಯಾಸವನ್ನು ಗಂಟು ಹಾಕಿ.

ಮೊದಲು ಶನಿವಾರ. ಹಣತೆಗೆ ಎರಡು ಚಮಚ ಎಳ್ಳೆಣ್ಣೆ, ಒಂದು ಹತ್ತಿ ಬತ್ತಿ. ನಮ್ಮನೆ ಹಣತೆ ಅಷ್ಟರಲ್ಲಿ ಎರಡು ಗಂಟೆ ಹತ್ತಿರ ಉರಿಯುತ್ತದೆ. ದೀಪ ಶಾಂತವಾಗುವವರೆಗೆ ಏಳುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ('ಆರಿತು' ಅಂದರೆ ಅಮ್ಮ ಬೈಯುತ್ತಾಳೆ.) ಚಿತ್ರ ಚೆನ್ನಾಗಿ ಬರಬೇಕು ಅಂತೇನಿಲ್ಲ. ಒಂದನ್ನು ಮುಗಿಸಬೇಕು, ಕೆಳಗೆ ತಾರೀಖು ಹಾಕಬೇಕು, ಅಷ್ಟೇ.

ನಾನು ಮೊದಲು ಆರಿಸಿಕೊಂಡದ್ದು ಅಜ್ಜಿ ಮೊರದಲ್ಲಿ ಅಕ್ಕಿ ಕೇರುವ ಚಿತ್ರ. ಐದು ಶನಿವಾರ ಅದೇ ಚಿತ್ರ, ಐದು ಸಲವೂ ಹೆಬ್ಬೆರಳು ಬದನೆಕಾಯಿಯ ಹಾಗೆ ಬಂತು. ಆರನೇ ವಾರ ಮೊರ ತಂದು ಅಮ್ಮನ ಕೈಗೆ ಕೊಟ್ಟೆ. ಆಗ ಕಂಡಿತು. ಹೆಬ್ಬೆರಳು ಅಂಚನ್ನು ಸುತ್ತಿ ಹಿಡಿಯುವುದೇ ಇಲ್ಲ, ಮೇಲಿನಿಂದ ಒತ್ತಿಕೊಂಡಿರುತ್ತದೆ. ಭಾರವೆಲ್ಲ ಕೆಳಗಿರುವ ನಾಲ್ಕು ಬೆರಳಿನ ಮೇಲೆ. ಅಕ್ಕಿ ಮೇಲೆ ಹಾರುವ ಹೊತ್ತಿಗೆ ಮಣಿಕಟ್ಟು ಒಳಗೆ ಬಾಗುತ್ತದೆ. ಇಷ್ಟು ತಿಳಿದ ಮೇಲೆ ಗೆರೆ ತಾನಾಗೇ ಸರಿಹೋಯಿತು. ಹಾಗಾಗಿ ಒಂದೇ ವಸ್ತುವನ್ನು ಬೇಜಾರಾಗುವವರೆಗೆ ಬರೆಯಿರಿ, ಬೇಜಾರಾದ ಮೇಲೂ ಒಂದು ವಾರ ಬರೆಯಿರಿ.

ಹನ್ನೆರಡು ಒಳ್ಳೆಯ ಚಿತ್ರ ಸೇರಿದ ಮೇಲೆ ಬುಧವಾರ ಶುರುಮಾಡಿ. ಬುಧ ಅಂದರೆ ಬರಹ, ಲೆಕ್ಕ, ವ್ಯಾಪಾರ. ಪರಿಹಾರ ಹೆಸರುಕಾಳು ದಾನ. ಕಾಳು ಕೊಟ್ಟು ಬಂದು ಒಬ್ಬ ಪ್ರಕಾಶಕರಿಗೆ ಒಂದು ಮೇಲ್ ಕಳಿಸಿ. ನೀವು ಯಾರು ಅಂತ ಎರಡು ಸಾಲು. ಅವರ ಪುಸ್ತಕಗಳಿಗೆ ಹೊಂದುವ ಮೂರೇ ಚಿತ್ರ, ಸಣ್ಣ ಸೈಜಿನಲ್ಲಿ. ಬಾಲ್ಯದಿಂದಲೂ ಕಲೆಯಲ್ಲಿ ಆಸಕ್ತಿ ಇತ್ತು ಅನ್ನೋ ಕಥೆ ಬೇಡ. ನಾನು ಹದಿನಾಲ್ಕು ಮೇಲ್ ಕಳಿಸಿದೆ. ಹನ್ನೊಂದಕ್ಕೆ ಉತ್ತರವೇ ಇಲ್ಲ. ಎರಡು ಕಡೆ ಬೇಡ ಅಂದರು.

ಇನ್ನು ರಾಹುಕಾಲ. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ರಾಹುವಿಗೆ. ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಲೆಕ್ಕ ಹಿಡಿದರೆ ಸೋಮವಾರ 7:30ರಿಂದ 9, ಭಾನುವಾರ 4:30ರಿಂದ 6. ಆ ಹೊತ್ತಿನಲ್ಲಿ ಹೊಸ ಕೆಲಸ ಶುರುಮಾಡಬಾರದು ಅಂತಾರೆ. ಶುರುವಾಗಿರುವ ಕೆಲಸ ಮುಂದುವರಿಸಲು ಅಡ್ಡಿಯಿಲ್ಲ! ಹಾಗಾಗಿ ಭಾನುವಾರದ ಆ ಒಂದೂವರೆ ಗಂಟೆ ನನಗೆ ತಿದ್ದುವ ಹೊತ್ತು. ಫೈಲುಗಳಿಗೆ ಹೆಸರಿಡುವುದು, ಇನ್ನೊಂದು ಕಡೆ ಕಾಪಿ ಇಡುವುದು, ಸೈಜು ನೋಡುವುದು.

ಈ ಬುದ್ಧಿ ಬಂದದ್ದು ಏಟು ತಿಂದ ಮೇಲೆ. ಪರಿಚಯದವರ ಸ್ಮರಣ ಸಂಚಿಕೆಗೆ ಒಂದು ಚಿತ್ರ ಕೊಟ್ಟಿದ್ದೆ. ಪರದೆಯ ಮೇಲೆ ಸೊಗಸಾಗಿತ್ತು, ಅಚ್ಚಾದಾಗ ಮಸುಕು ಮಸುಕು. ಎ4 ಪುಟ ಚೆನ್ನಾಗಿ ಅಚ್ಚಾಗಬೇಕಾದರೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕು, ಅಂದರೆ 2480 ಗುಣಿಸು 3508 ಪಿಕ್ಸೆಲ್. ನನ್ನದು ಅದರ ಕಾಲು ಭಾಗವೂ ಇರಲಿಲ್ಲ. ಬಣ್ಣವೂ ಆರ್‌ಜಿಬಿಯಲ್ಲೇ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕದಲ್ಲೇ ಇತ್ತು. ಅಚ್ಚಿನ ಶಾಯಿ ಸಿಎಂವೈಕೆ, ಅಂದರೆ ಆಕಾಶನೀಲಿ, ಮೆಜೆಂಟಾ, ಹಳದಿ, ಕಪ್ಪು. ಪರದೆಯ ಗಿಳಿಹಸಿರು ಕಾಗದದ ಮೇಲೆ ಬಾಡಿದ ಸೊಪ್ಪಿನ ಹಸಿರಾಯಿತು. ಬುಧನ ಬಣ್ಣವೇ ಕೈಕೊಟ್ಟಿತು ನೋಡಿ.

ಉಂಗುರದ ವಿಷಯಕ್ಕೆ ಹೋಗಬೇಡಿ. ಶನಿಗೆ ಅಂತ ಹಾಕಿಕೊಳ್ಳುವ ನೀಲದ ಹರಳು ಎಲ್ಲರಿಗೂ ಆಗಿಬರುವುದಿಲ್ಲ ಅಂತ ಜೋಯಿಸರೇ ಹೇಳುತ್ತಾರೆ. ಆ ದುಡ್ಡಿಗೆ ಡ್ರಾಯಿಂಗ್ ಟ್ಯಾಬ್ಲೆಟ್ ಬರುತ್ತದೆ.

ದಾನದಲ್ಲೂ ಲೆಕ್ಕ ಇರಲಿ. ವರ್ಷಕ್ಕೆ ಒಂದು ಚಿತ್ರ ಪುಕ್ಕಟೆ, ನಿಜವಾಗಿ ಕೈಲಾಗದವರಿಗೆ. "ದುಡ್ಡಿಲ್ಲ, ಆದರೆ ನಿಮಗೆ ಹೆಸರು ಬರುತ್ತೆ" ಅನ್ನುವವರು ಆ ಪಟ್ಟಿಯಲ್ಲಿಲ್ಲ.

ಹದಿನಾಲ್ಕನೇ ಮೇಲಿನವರು ಫೋನ್ ಮಾಡಿದ್ದು ಒಂದು ಭಾನುವಾರ, ಸಂಜೆ 5:50ಕ್ಕೆ. ಅಮ್ಮ ಅಡುಗೆಮನೆಯಿಂದಲೇ ಗಡಿಯಾರ ತೋರಿಸಿ ತಲೆ ಅಲ್ಲಾಡಿಸಿದಳು. "ಹತ್ತು ನಿಮಿಷ ಬಿಟ್ಟು ನಾನೇ ಮಾಡಲಾ ಸರ್?" ಅಂದೆ. ಆ ಹತ್ತು ನಿಮಿಷದಲ್ಲಿ ಕೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡೆ. ಆರು ಹೊಡೆದ ಮೇಲೆ ಫೋನ್ ಮಾಡಿ ಓದಿದೆ: ಹದಿನಾರು ಪುಟ, ಅರ್ಧ ದುಡ್ಡು ಮುಂಗಡ, ತಿದ್ದುವುದು ಎರಡೇ ಸಲ, ಪುಸ್ತಕದಲ್ಲಿ ನನ್ನ ಹೆಸರು. "ಆಯ್ತಮ್ಮ" ಅಂದರು.