ಮೊದಲು ಚಪ್ಪಲಿ, ಆಮೇಲೆ ಶೂ

ನಾನು ಮೊದಲ ಸಲ ಚಪ್ಪಲಿ ಮಾಡಲು ಕೂತಾಗ ಎರಡೂ ಎಡಗಾಲಿನವೇ ಆದವು. ಕಾಗದದ ಅಚ್ಚನ್ನು ಮಗುಚಿ ಹಾಕಲು ಮರೆತು ಎರಡು ಸಲವೂ ಒಂದೇ ಮಗ್ಗುಲಿಂದ ಗೆರೆ ಎಳೆದಿದ್ದೆ, ಗೊತ್ತಾಗಿದ್ದು ದಪ್ಪ ತೊಗಲು ಕತ್ತರಿಸಿ ಆದ ಮೇಲೆ. ಎಡವುವುದು ಅಂದರೆ ಇದೇ ಇರಬೇಕು.

ಕೈಯಲ್ಲಿ ಶೂ ಹೊಲಿಯುವ ಆಸೆ ಇದ್ದರೂ ಶೂನಿಂದ ಶುರು ಮಾಡಬೇಡಿ. ಶೂಗೆ ಲಾಸ್ಟ್ ಬೇಕು, ಅಂದರೆ ಕಾಲಿನ ಆಕಾರದ ಅಚ್ಚು. ಅದು ನಿಮ್ಮ ಕಾಲಿಗೆ ಹೊಂದದಿದ್ದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಶೂ ಕಚ್ಚುತ್ತದೆ. ಅಗಲವಾದ ಒಂದೇ ಒಂದು ಪಟ್ಟಿ ಇರುವ ಚಪ್ಪಲಿಗೆ ಈ ತಲೆನೋವಿಲ್ಲ, ನಿಮ್ಮ ಕಾಲೇ ಅಚ್ಚು.

ಅಳತೆ ಸಂಜೆ ತೆಗೆಯಿರಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಬೆಳಗಿನ ಅಳತೆಗೆ ಮಾಡಿದ ಚಪ್ಪಲಿ ಸಂಜೆ ಬಿಗಿಯುತ್ತದೆ. ದಪ್ಪ ಕಾಗದದ ಮೇಲೆ ನೆಟ್ಟಗೆ ನಿಲ್ಲಿ, ಗೆರೆ ಎಳೆಯುವ ಕೆಲಸ ಮನೆಯವರಿಗೆ ಕೊಡಿ. ನೀವೇ ಬಗ್ಗಿದರೆ ಭಾರ ಮುಂದಕ್ಕೆ ಬಂದು ಗೆರೆ ಕೆಡುತ್ತದೆ. ಪೆನ್ಸಿಲ್ ನೇರವಾಗಿರಲಿ, ಓರೆ ಹಿಡಿದರೆ ಕಾಲಿನಡಿಗೆ ನುಗ್ಗುತ್ತದೆ. ಪಟ್ಟಿ ಬರುವ ಜಾಗವನ್ನು ಎರಡೂ ಪಕ್ಕ ಗುರುತು ಮಾಡಿ. ಸುತ್ತಲೂ 3-4 ಮಿ.ಮೀ. ಬಿಟ್ಟು ಅಂಚು ನಯ ಮಾಡಿಕೊಳ್ಳಿ. ಎರಡೂ ಕಾಲಿನ ಅಳತೆ ಬೇರೆ ಬೇರೆ ತೆಗೆದು ಕಾಗದದ ಮೇಲೆ ಎಡ, ಬಲ ಅಂತ ದೊಡ್ಡದಾಗಿ ಬರೆಯಿರಿ. ನಗಬೇಡಿ, ಬರೆಯಿರಿ.

ತೊಗಲಿನ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಅದು ಚದರ ಅಡಿ ಲೆಕ್ಕದಲ್ಲಿ ಸಿಗುತ್ತದೆ. ತೊಗಟೆ, ಕಾಯಿಗಳಿಂದ ಹದ ಮಾಡಿದ್ದನ್ನೇ ಕೇಳಿ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವುದು ನಮ್ಮಲ್ಲಿ ಹಳೆಯ ರೂಢಿ. ಇಂಥ ತೊಗಲು ನೀರು ಕುಡಿಯುತ್ತದೆ, ಬಡಿದರೆ ಗಟ್ಟಿಯಾಗುತ್ತದೆ, ಅಂಚು ತಿಕ್ಕಿದರೆ ಮಿರುಗುತ್ತದೆ. ಕ್ರೋಮ್ ಚರ್ಮ, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು, ಮೆತ್ತಗೆ, ಬ್ಯಾಗಿಗೆ ಚೆಂದ, ಅಟ್ಟೆಗೆ (ಚಪ್ಪಲಿಯ ತಳಕ್ಕೆ) ಬೇಡ. ಕೆಳಗಿನ ಅಟ್ಟೆಗೆ 4-5 ಮಿ.ಮೀ., ಕಾಲು ಊರುವ ಮೇಲಿನ ಪದರಕ್ಕೆ 3, ಪಟ್ಟಿಗೆ 2 ಮಿ.ಮೀ. ದಪ್ಪ ಸಾಕು. ಎಲ್ಲವೂ ಬೆನ್ನಿನ ಭಾಗದ್ದಾಗಿರಲಿ. ಹೊಟ್ಟೆಯ ಕಡೆಯದು ಅಗ್ಗಕ್ಕೆ ಸಿಗುತ್ತದೆ, ಆದರೆ ಹಿಗ್ಗುತ್ತದೆ. ಎರಡೇ ವಾರಕ್ಕೆ ಪಟ್ಟಿ ಜೋತು ಬೀಳುತ್ತದೆ.

ಸಲಕರಣೆ ಜಾಸ್ತಿ ಬೇಡ. ರಂಪಿಗೆ (ತೊಗಲು ಕತ್ತರಿಸುವ, ಹೆರೆಯುವ ಉಳಿ), ಆರಿ (ತೂತು ಹಾಕುವ ಚೂಪು ಮೊನೆ), ಸುತ್ತಿಗೆ, ಎರಡು ಮೊಂಡು ಸೂಜಿ, ಮೇಣ ಹಚ್ಚಿದ ದಾರ, ಸೊಲ್ಯೂಷನ್ ಅನ್ನುವ ಅಂಟು, ಮರಳು ಕಾಗದ. ಇಡೀ ಕಿಟ್ ಅಂತ ಮಾರುತ್ತಾರಲ್ಲ, ಅದರಲ್ಲಿ ಅರ್ಧ ನೀವು ಮುಟ್ಟುವುದೇ ಇಲ್ಲ.

ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ಒಬ್ಬರು ಅಟ್ಟೆ ಬಡಿಯುವುದನ್ನು ನೋಡುತ್ತಾ ಕೂತಿದ್ದೆ. ಕೊಲ್ಹಾಪುರಿ ಚಪ್ಪಲಿ ಅಂದ ಕೂಡಲೇ ಮಹಾರಾಷ್ಟ್ರ ಅಂದುಕೊಳ್ಳುತ್ತೇವೆ, ಆದರೆ 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಇಂಥ ಊರಿನದೇ ಅನ್ನುವ ಜಿಐ ಮಾನ್ಯತೆ) ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ನಾನು ಒಣ ತೊಗಲಿನ ಮೇಲೆ ಸುತ್ತಿಗೆ ಎತ್ತಿದ್ದು ನೋಡಿ ಅವರು, “ಅಕ್ಕಾರ, ಮೊದಲ ನೆನಿಸ್ರಿ, ಆಮ್ಯಾಲ ಬಡೀರಿ” ಅಂದರು. ಸರಿ ಅಲ್ವಾ, ನೆಂದ ತೊಗಲು ಬಡಿದರೆ ಒತ್ತಾಗಿ ಕೂರುತ್ತದೆ, ಒಣಗಿದ ಮೇಲೆ ಹಾಗೇ ಉಳಿಯುತ್ತದೆ. ಈ ಕೆಲಸ ಮಾಡಿದ ಕೈಗಳನ್ನು ಊರ ಹೊರಗಿಟ್ಟವರ ಮೊಮ್ಮಕ್ಕಳು ಈಗ ದುಡ್ಡು ಕೊಟ್ಟು ವರ್ಕ್‌ಶಾಪಿಗೆ ಹೋಗುತ್ತಾರೆ. ಅದೇ ದುಡ್ಡನ್ನು ನಿಮ್ಮ ಬೀದಿ ತುದಿಯಲ್ಲಿ ಕೂತ ಚಪ್ಪಲಿ ಹೊಲಿಯುವವರಿಗೆ ಕೊಟ್ಟು ನಾಲ್ಕು ದಿನ ಪಕ್ಕದಲ್ಲಿ ಕೂತರೆ ಹೆಚ್ಚು ಕಲಿಯುತ್ತೀರಿ.

ಈಗ ಜೋಡಣೆ. ಪಟ್ಟಿಯನ್ನು ಮೊದಲು ಹಳೆ ರೆಕ್ಸಿನ್‌ನಲ್ಲಿ ಕತ್ತರಿಸಿ, ಕಾಲ ಮೇಲೆ ಸುತ್ತಿ, ನಾಲ್ಕು ಹೆಜ್ಜೆ ನಡೆದು ನೋಡಿ. ಸರಿ ಅನ್ನಿಸಿದರೆ ಎರಡೂ ಪಕ್ಕ 2 ಸೆಂ.ಮೀ. ಜಾಸ್ತಿ ಬಿಟ್ಟು ತೊಗಲಿನಲ್ಲಿ ಕತ್ತರಿಸಿ. ಮೇಲಿನ ಪದರದ ಅಂಚಿನಿಂದ ಸುಮಾರು 1 ಸೆಂ.ಮೀ. ಒಳಗೆ ಸೀಳು ಮಾಡಿ ಪಟ್ಟಿ ತೂರಿಸಿ. ಅಡಿಗೆ ಬರುವ ಆ ತುದಿಯನ್ನು ರಂಪಿಗೆಯಿಂದ ಕಾಗದದಷ್ಟು ತೆಳ್ಳಗೆ ಹೆರೆಯಬೇಕು, ಇಲ್ಲದಿದ್ದರೆ ನಡೆಯುವಾಗ ಗಂಟು ಒತ್ತುತ್ತದೆ. ಅಂಟು ಬರುವ ಜಾಗವನ್ನೆಲ್ಲ ಮರಳು ಕಾಗದದಿಂದ ಒರಟು ಮಾಡಿ, ಎರಡೂ ಕಡೆ ಸೊಲ್ಯೂಷನ್ ಹಚ್ಚಿ ಸುಮ್ನೆ ಬಿಡಿ. ಹತ್ತು ಹದಿನೈದು ನಿಮಿಷಕ್ಕೆ ಬೆರಳಿಗೆ ಹತ್ತದಷ್ಟು ಒಣಗುತ್ತದೆ. ಆಗ ಪಟ್ಟಿಯ ತುದಿ ಅಂಟಿಸಿ, ಅಟ್ಟೆ ಕೂರಿಸಿ ಬಡಿಯಿರಿ. ಕಿಟಕಿ ತೆರೆದಿರಲಿ, ಅದರ ವಾಸನೆಗೆ ತಲೆ ತಿರುಗುತ್ತದೆ.

ಹೊಲಿಗೆಗೆ ಅಂಚಿನಿಂದ 5 ಮಿ.ಮೀ. ಒಳಗೆ ಗೆರೆ ಎಳೆದು, ಅದರ ಮೇಲೆ 5 ಮಿ.ಮೀ.ಗೊಂದರಂತೆ ತೂತು ಹಾಕಿ. ಒಂದು ಚಪ್ಪಲಿಗೆ ಹೆಚ್ಚುಕಮ್ಮಿ 120 ತೂತು ಬರುತ್ತದೆ. ಹೊಲಿಯುವ ಉದ್ದದ ಆರು ಪಟ್ಟು ದಾರ ತೆಗೆದುಕೊಂಡು ಎರಡೂ ತುದಿಗೆ ಸೂಜಿ ಪೋಣಿಸಿ. ಮೊದಲ ತೂತಿನಲ್ಲಿ ದಾರದ ನಡುಭಾಗ ಬರಲಿ. ಆಮೇಲೆ ಪ್ರತಿ ತೂತಿನಲ್ಲೂ ಒಂದು ಸೂಜಿ ಮೇಲಿಂದ ಕೆಳಕ್ಕೆ, ಇನ್ನೊಂದು ಅದೇ ತೂತಿನಲ್ಲಿ ಕೆಳಗಿಂದ ಮೇಲಕ್ಕೆ, ಎರಡನ್ನೂ ಒಂದೇ ಬಲದಲ್ಲಿ ಎಳೆಯಿರಿ. ಎರಡನೇ ಸೂಜಿ ಮೊದಲ ದಾರವನ್ನು ಚುಚ್ಚಬಾರದು, ಚುಚ್ಚಿದರೆ ಎಳೆ ಸಿಕ್ಕಿಕೊಂಡು ಹೊಲಿಗೆ ಬಿಗಿಯುವುದೇ ಇಲ್ಲ. ಮೆಷಿನ್ ಹೊಲಿಗೆ ಒಂದು ಕಡೆ ಹರಿದರೆ ಬಿಚ್ಚುತ್ತಾ ಹೋಗುತ್ತದೆ, ಇದರಲ್ಲಿ ಒಂದು ಎಳೆ ಹೋದರೂ ಇನ್ನೊಂದು ಹಿಡಿದಿರುತ್ತದೆ. ಮುಗಿಸುವಾಗ ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿ. ಅಂಚಿಗೆ ಮರಳು ಕಾಗದ ಉಜ್ಜಿ, ನೀರು ಸವರಿ, ಒರಟು ಬಟ್ಟೆಯಿಂದ ಬಿಸಿಯಾಗುವವರೆಗೆ ತಿಕ್ಕಿ.

ಎರಡು ಮೂರು ಜೊತೆ ಆದ ಮೇಲೆ ಬೇಕಾದರೆ ಲಾಸ್ಟ್ ಕೊಂಡು ಶೂಗೆ ಕೈ ಹಾಕಿ. ಕೈಗವಸು ಮಾತ್ರ ಬೇರೆಯೇ ಲೋಕ. ಅಲ್ಲಿ ಮುಕ್ಕಾಲು ಮಿ.ಮೀ. ದಪ್ಪದ ಮೇಕೆ ಅಥವಾ ಕುರಿ ಚರ್ಮ, ಚರ್ಮವನ್ನೇ ಸೀಳಿಕೊಂಡು ಹೋಗುವ ಮೂರು ಅಂಚಿನ ಸೂಜಿ. ಹೆಬ್ಬೆರಳು ಬಿಟ್ಟು ಗೆಣ್ಣುಗಳ ಸುತ್ತ ಅಳತೆ ತೆಗೆಯಬೇಕು. ಚಪ್ಪಲಿ ಪಟ್ಟಿ ಹಿಗ್ಗಬಾರದು ಅಂತ ಒದ್ದಾಡಿದೆವಲ್ಲ, ಇಲ್ಲಿ ಚರ್ಮ ಅಗಲಕ್ಕೆ ಹಿಗ್ಗಲೇಬೇಕು, ಇಲ್ಲದಿದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಉದ್ದಕ್ಕೆ ಮಾತ್ರ ಹಿಗ್ಗಬಾರದು. ಎಲ್ಲಕ್ಕಿಂತ ಕಷ್ಟ ಹೆಬ್ಬೆರಳಿನ ತುಂಡು ಕೂರಿಸುವುದು. ಅದು ಓದಿ ತಿಳಿಯುವಂಥದ್ದಲ್ಲ, ಹಳೆ ಕೈಗವಸು ಬಿಚ್ಚಿ ನೋಡಬೇಕು. ನಾನು ಸ್ಕೂಟರಿಗೆ ಹಾಕುತ್ತಿದ್ದ ಜೊತೆಯಲ್ಲಿ ಬಲಗೈಯದನ್ನು ಮಾತ್ರ ಬಿಚ್ಚಿ, ಒಂದೊಂದು ತುಂಡಿನ ಮೇಲೂ ‘ಬಲ’ ಅಂತ ಬರೆದಿಟ್ಟಿದ್ದೇನೆ.