ಪರ್ಪಲ್‌ಹಾರ್ಟ್, ಕೋಕೋಬೋಲೋ ಮರ: ಗುರುತು ಮತ್ತು ಕೆಲಸ

ಹೊರದೇಶದ ಮರ ಕೈಗೆ ಬಂದರೆ ಮೇಲಿನ ಬಣ್ಣ ನೋಡಿ ಸುಮ್ನೆ ಹೆಸರು ಹೇಳಬೇಡಿ. ಒಂದು ಮೂಲೆಯಲ್ಲಿ ತೋಪಡ (ಮರ ಹೆರೆದು ನಯ ಮಾಡುವ ಉಪಕರಣ) ಹೊಡೆದು ಹೊಸ ಮೈ ನೋಡಿ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಪರ್ಪಲ್‌ಹಾರ್ಟ್ ಆಗ ತಾನೇ ಕೊಯ್ದಾಗ ನೇರಳೆ ಇರುವುದೇ ಇಲ್ಲ, ಮಂಕಾದ ಬೂದುಕಂದು ಇರುತ್ತದೆ. ಗಾಳಿ ಬೆಳಕಿಗೆ ಬಿಟ್ಟರೆ ನಿಧಾನಕ್ಕೆ ನೇರಳೆಗೆ ತಿರುಗುತ್ತದೆ, ಆಮೇಲೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ಮತ್ತೆ ಕಂದಾಗುತ್ತದೆ. ಹಾಗಾಗಿ ಬಣ್ಣ ಬಂದ ಮೇಲೇ ಪಾಲಿಶ್ ಹಚ್ಚಿ, ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವಂಥದ್ದಾದರೆ ಒಳ್ಳೆಯದು. ಮರ ತುಂಬಾ ಗಟ್ಟಿ. ಬ್ಲೇಡ್ ಮೊಂಡಾಗಿದ್ದರೆ ಬಿಸಿಗೆ ಒಳಗಿನ ಅಂಟು ಹೊರಬಂದು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಕೊಯ್ದ ಜಾಗ ಸುಟ್ಟು ಕಪ್ಪಾಗುತ್ತದೆ. ಕಾರ್ಬೈಡ್ (ಬೇಗ ಮೊಂಡಾಗದ ಗಟ್ಟಿ ವಸ್ತು) ಹಲ್ಲಿನ ಬ್ಲೇಡ್ ಹಾಕಿ, ಅವಸರ ಬೇಡ.

ಕೋಕೋಬೋಲೋ ನಮ್ಮ ಬೀಟೆಯ ಕುಲದ್ದೇ, ಡಾಲ್ಬರ್ಜಿಯಾ. ಕಿತ್ತಳೆ, ಕೆಂಪು ಮೈಮೇಲೆ ಕಪ್ಪು ಗೆರೆ, ಮುಟ್ಟಿದರೆ ಎಣ್ಣೆಯ ಜಿಡ್ಡು, ತುಂಡು ಎಷ್ಟೋ ಸಲ ನೀರಲ್ಲಿ ಮುಳುಗುತ್ತದೆ. ಈ ಜಿಡ್ಡಿನಿಂದಲೇ ಗಮ್ ಸರಿಯಾಗಿ ಹಿಡಿಯಲ್ಲ. ಅಂಟಿಸುವ ಮೊದಲು ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ತಕ್ಷಣ ಗಮ್ ಹಚ್ಚಿ ಬಿಗಿಯಿರಿ. ತಡ ಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಇದರ ಹುಡಿ ಬಗ್ಗೆ ಮಾತ್ರ ಅಸಡ್ಡೆ ಬೇಡವೇ ಬೇಡ. ಕೆಲವರಿಗೆ ಮೈಯೆಲ್ಲ ತುರಿಕೆ, ಗುಳ್ಳೆ ಬರುತ್ತದೆ, ಮೊದಲು ಏನೂ ಆಗದವರಿಗೂ ಆಮೇಲೆ ಶುರುವಾಗಬಹುದು. ಒಳ್ಳೆ ಮಾಸ್ಕ್, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಡಾಲ್ಬರ್ಜಿಯಾ ಮರಗಳು ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ, ಕೊಳ್ಳುವಾಗ ಕಾಗದಪತ್ರ ಕೇಳಿ ಪಡೆಯಿರಿ.